ಆಮೆಗೆ ಅಂಜಿದ ಮನೆ

ನಾನು ಹುಟ್ಟಾ ಅಂಜುಬುರುಕಿ. ಗ್ಯಾಸ್ ಸಿಲಿಂಡರ್ ಬದಲಿಸುವಾಗ ಅಂಜಿಕೆ, ಮಗಳು ಸೈಕಲ್ ಹತ್ತಿದರೆ ಅಂಜಿಕೆ. ಗಂಡ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಾರೆ. ಅವರು ಬೈಕಿನಲ್ಲಿ ಬರುವುದು ಸ್ವಲ್ಪ ತಡವಾದರೆ ಸಿರಿಗೇರಿ ಕ್ರಾಸಿನಲ್ಲಿ ಯಾವ ಲಾರಿ ಏನು ಮಾಡಿತೋ ಎಂದು ಬಾಗಿಲಿಗೂ ಒಲೆಗೂ ಓಡಾಡುತ್ತೇನೆ. "ನಿನ್ನ ಅಂಜಿಕೀನ ಚೀಲ ತುಂಬಿ ಮಾರಿದ್ರ ಇಷ್ಟೊತ್ತಿಗೆ ಒಂದು ಮಿಲ್ಲು ಹಾಕಬೌದಿತ್ತು" ಎಂದು ಅವರು ಚೇಷ್ಟೆ ಮಾಡುತ್ತಾರೆ. ಮಾಡಲಿ. ಇಷ್ಟಕ್ಕೆಲ್ಲ ಅಂಜುವ ನಾನು, ಅಂಜಲೇಬೇಕಾಗಿದ್ದ ಒಂದಕ್ಕೆ ಮಾತ್ರ ಅಂಜಲಿಲ್ಲ.

ನಮ್ಮದು ಕುರುಗೋಡು. ಮನೆಯಲ್ಲಿ ನಾಲ್ಕು ಜನ: ಗಂಡ, ಅತ್ತೆ, ಐದನೇ ಕ್ಲಾಸಿನ ಮಗಳು, ನಾನು. ಇಲ್ಲಿಯದೇ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹೋದ ವರ್ಷ ಜೂನ್ ತಿಂಗಳಲ್ಲಿ, ಪರಿಸರ ದಿನದ ನೆಪ ಮಾಡಿಕೊಂಡು, ಬಳ್ಳಾರಿಯಲ್ಲಿ ಮಕ್ಕಳಿಗೆ ಭಾಷಣ ಸ್ಪರ್ಧೆ ಇಟ್ಟಿದ್ದರು. ಅಳಿವಿನಂಚಿನಲ್ಲಿರುವ ಒಂದು ಪ್ರಾಣಿಯನ್ನೂ ಒಂದು ಗಿಡವನ್ನೂ ಹೋಲಿಸಿ ಮಾತಾಡಬೇಕು. ಮಗಳು ಹಿಂದೆಮುಂದೆ ನೋಡದೆ "ಕಡಲಾಮೆ" ಅಂದಳು. ಸಮುದ್ರ ಕಂಡವಳಲ್ಲ. ಸಿರುಗುಪ್ಪದ ಹತ್ತಿರ ತುಂಗಭದ್ರೆಗೆ ಹೊಳೆ ಬಂದಾಗ ಅಪ್ಪನ ಬೈಕಿನಲ್ಲಿ ಕೂತು ನೋಡಿ ಬಂದದ್ದೇ ಅವಳ ಪಾಲಿನ ದೊಡ್ಡ ನೀರು. ಆದರೆ ಯಾವಾಗಲೋ ಟಿವಿಯಲ್ಲಿ ಆಮೆಯ ಮರಿಗಳು ಮರಳಿನಿಂದ ಎದ್ದು ಪುಟುಪುಟು ನೀರಿಗೆ ಓಡುವುದನ್ನು ನೋಡಿ ಮರುಳಾಗಿದ್ದಳು.

ಥರ್ಮಾಕೋಲಿನಲ್ಲಿ ಒಂದು ಆಮೆ ಮಾಡಿ, ಹಸಿರು ಬಣ್ಣ ಬಳಿದು, ಒಣಗಲೆಂದು ಪಡಸಾಲೆಯಲ್ಲಿ ತಂದಿಟ್ಟಳು. ಪೂಜೆ ಮುಗಿಸಿ ಹೊರಗೆ ಬಂದ ಅತ್ತೆ ಅದನ್ನು ನೋಡಿ ನಿಂತೇ ಬಿಟ್ಟರು. ಮಗಳಿಗಲ್ಲ, ನನಗೆ ಹೇಳಿದರು.

"ಲೇ, ಅದನ್ನ ಮೊದ್ಲು ಹೊರಾಗ ಇಡು. ಆಮಿ ಹೊಕ್ಕ ಮನಿ, ಅಮೀನ ಹೊಕ್ಕ ಮನಿ ಉದ್ಧಾರ ಆಗಂಗಿಲ್ಲ."

"ಅಜ್ಜಿ, ಅದು ಥರ್ಮಾಕೋಲು!" ಅಂದಳು ಮಗಳು.

"ಏನರ ಆಗ್ಲಿ. ಆಕಾರ ಆಮೀದೇ ಐತಿಲ್ಲ?"

"ಮತ್ತ ಗುಡ್ಯಾಗ ಕಲ್ಲಿನ ಆಮಿ ಐತಲ್ಲ? ಎಲ್ರೂ ಅದಕ್ಕ ನಮಸ್ಕಾರ ಮಾಡ್ತಾರಲ್ಲ?"

"ಗುಡಿ ಗುಡಿ, ಮನಿ ಮನಿ. ವಾದ ಮಾಡಬ್ಯಾಡ."

ಮಕ್ಕಳಿಂದ ಮೂಢನಂಬಿಕೆಯ ವಿರುದ್ಧ ಪ್ರಬಂಧ ಬರೆಸುವ ನಾನು, ಬಾಯಿ ಮುಚ್ಚಿಕೊಂಡು ಆ ಆಮೆಯನ್ನು ಎತ್ತಿ ಬಚ್ಚಲ ಮನೆಯ ಮಗ್ಗುಲಿಗೆ ಇಟ್ಟು ಬಂದೆ. ಅಮೀನ ಅಂದರೆ ಕೋರ್ಟಿನಿಂದ ಜಪ್ತಿಗೆ ಬರುವವನು. ಅವನ ಜೊತೆ ಸೇರಿಸಿ ಹೇಳಿದ ಮೇಲೆ ಥರ್ಮಾಕೋಲಾದರೇನು, ಕಲ್ಲಾದರೇನು! ಸ್ಪರ್ಧೆ ಮುಗಿಯುವವರೆಗೆ ಏನೂ ಕೆಡುಕಾಗದಿರಲಿ ಎಂದು ಒಂದು ತೆಂಗಿನಕಾಯಿ ಕೂಡ ಹೇಳಿಕೊಂಡೆ.

ಗಿಡ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಈಚಲು ಮರದ ಕುಳ್ಳ ತಮ್ಮನಂತಹ ಒಂದು ಗಿಡ ಇತ್ತು. ಎದೆಮಟ್ಟದ ಮೋಟು ಕಾಂಡ, ಮೇಲೆ ಸುತ್ತಲೂ ಹರಡಿದ ಗರಿಗಳು. ಅತ್ತೆಯ ತವರು ಆಂಧ್ರದಲ್ಲಿ ಕಡಪದ ಆಚೆ, ಗುಡ್ಡದ ಬುಡದ ಹಳ್ಳಿ. ಮದುವೆಯಾಗಿ ಇಲ್ಲಿಗೆ ಬರುವಾಗ ಅವರ ಅಪ್ಪ ಗುಡ್ಡದಿಂದ ಕಿತ್ತು ತಂದ ಗೇಣುದ್ದದ ಸಸಿಯನ್ನು ಸೀರೆ ಗಂಟಿನ ಜೊತೆ ಕೊಟ್ಟು ಕಳಿಸಿದ್ದರಂತೆ. ಅತ್ತೆ ಅದನ್ನು ತೆಲುಗಿನಲ್ಲಿ 'ಪೇರೀತ' ಅನ್ನುತ್ತಿದ್ದರು. ಈತ ಅಂದರೆ ನಮ್ಮ ಈಚಲು, ಪೇರೀತ ಅಂದರೆ ಹಿರಿಯ ಈಚಲು ಎಂದು ಅವರೇ ಬಿಡಿಸಿ ಹೇಳಿದ್ದರು. ನರ್ಸರಿಯವರು ಮಾರುವ ಸೈಕಸ್ ಇದರ ಬಳಗದ್ದೇ, ಆದರೆ ಜಾತಿ ಬೇರೆ. ನಮ್ಮ ಗಿಡ ಆ ಒಂದಿಷ್ಟು ಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ತಾನಾಗಿ ಹುಟ್ಟುವುದಿಲ್ಲವಂತೆ. ಅಲ್ಲಿಯೂ ಕಾಡಿಗೆ ಬೀಳುವ ಬೆಂಕಿಗೆ, ಔಷಧಿಗೆಂದು ಕಿತ್ತೊಯ್ಯುವವರಿಗೆ ಸಿಕ್ಕು ಕಡಿಮೆಯಾಗುತ್ತಿದೆಯಂತೆ. ಇದೆಲ್ಲ ಭಾಷಣಕ್ಕಾಗಿ ಮೊಬೈಲಿನಲ್ಲಿ ಹುಡುಕಿದಾಗ ತಿಳಿಯಿತು. ಅಪರೂಪದ್ದು ಅನ್ನುವವರೆಗೆ ಓದಿ ಮೊಬೈಲ್ ಇಟ್ಟೆ. ಭಾಷಣಕ್ಕೆ ಅಷ್ಟು ಸಾಕಿತ್ತು.

ಆ ವರ್ಷವೇ ಗಿಡ ಮೊದಲ ಸಲ ಕಾಯಿ ಬಿಟ್ಟಿತ್ತು. ಗರಿಗಳ ನಡುವೆ ನಿಂಬೆಹಣ್ಣಿನ ಗಾತ್ರದ ಕಾಯಿಗಳು ಜೋತುಬಿದ್ದು ಮೆಲ್ಲಗೆ ಹಳದಿಗೆ ತಿರುಗುತ್ತಿದ್ದವು. ಅದು ಹೆಣ್ಣು ಗಿಡ ಅಂತ ತಿಳಿದದ್ದೇ ಆಗ. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. "ನಮ್ಮಪ್ಪ ಕೊಟ್ಟಿದ್ದು. ಈಗ ಮೈನೆರೀತು ನೋಡ್ಲೇ" ಎಂದು ನನ್ನ ಕೈಗೂ ಒಂದು ಚೂರು ಸಕ್ಕರೆ ಹಾಕಿದರು.

ಸಂಜೆ ಊಟಕ್ಕೆ ಮುಂಚೆ ಭಾಷಣದ ಅಭ್ಯಾಸ. ಮಗಳು ಪಡಸಾಲೆಯ ನಡುವೆ ನೆಟ್ಟಗೆ ನಿಲ್ಲುತ್ತಿದ್ದಳು. ಅತ್ತೆ ಮಣೆಯ ಮೇಲೆ ಕೂತು ಶೇಂಗಾ ಬಿಡಿಸುತ್ತ ಕೇಳುತ್ತಿದ್ದರು.

"ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಮರಿಗಳೇ ಹೆಚ್ಚು."

"ಬಳ್ಳಾರಿ ಮರಳಾಗ ಇಟ್ರ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಬೆಂದೇ ಹೋಗ್ತಾವ" ಅಂದರು ನನ್ನ ಗಂಡ.

"ಅಪ್ಪ, ಸುಮ್ನಿರು! ಈ ಗಿಡವೂ ಗುಟ್ಟಿನದು. ದೊಡ್ಡದಾಗುವ ತನಕ ತಾನು ಗಂಡೋ ಹೆಣ್ಣೋ ಯಾರಿಗೂ ಹೇಳುವುದಿಲ್ಲ. ಆಮೆ ಎಷ್ಟೋ ದೂರ ಈಜಿದರೂ ಮೊಟ್ಟೆ ಇಡಲು ತಾನು ಹುಟ್ಟಿದ ದಂಡೆಯ ಕಡೆಗೇ ಬರುತ್ತದೆ. ಗಿಡ ಹುಟ್ಟಿದ ಗುಡ್ಡವನ್ನು ಬಿಟ್ಟು ಹೋಗುವುದೇ ಇಲ್ಲ."

"ನಮ್ಮದು ಬಿಟ್ಟು ಬಂದೈತಲ್ಲ" ಅಂದರು ಅತ್ತೆ.

"ಜನರು ಆಮೆಯ ಮೊಟ್ಟೆಗಳನ್ನು ಅಗೆದು ತಿನ್ನುತ್ತಾರೆ..."

"ಥೂ ಥೂ! ಅದಕ್ಕ ಅಳಿದು ಹೊಂಟಾವ. ತತ್ತಿ ತಿಂದ್ರ ಪಾಪ ಬಡೀದ ಬಿಡ್ತೈತೇನು? ನಮ್ಮ ಪೇರೀತ ನೋಡು. ಗಿಡದ್ದು ತಿಂದವ್ರಿಗೆ ಯಾವ ಪಾಪ?"

"ಅಜ್ಜಿ, ನೀ ಇದರ ಹಣ್ಣು ತಿಂದೀಯೇನು?"

"ಸಣ್ಣಾಕಿದ್ದಾಗ ನಮ್ಮಜ್ಜಿ ಮಾಡಿ ಕೊಡ್ತಿದ್ಲು. ನೀರಾಗ ನೆನೆ ಹಾಕಿ, ಕುದಿಸಿ, ಬೆಲ್ಲ ಹಾಕಿ. ಈಗ ಯಾರಿಗೂ ಅದರ ರುಚೀನೇ ಗೊತ್ತಿಲ್ಲ."

ಮಗಳಿಗೆ ಅಷ್ಟು ಸಾಕಾಯಿತು. ಮರುದಿನದಿಂದಲೇ ಅಜ್ಜಿಯ ಸೆರಗು ಹಿಡಿದು ಸುತ್ತಿದಳು. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ನಮ್ಮದು ಲಿಂಗ ಕಟ್ಟಿದ ಮನೆ, ತತ್ತಿಯನ್ನು ಹೊಸ್ತಿಲು ದಾಟಿಸಿದವರಲ್ಲ. ಕೆಟ್ಟದ್ದೇನಿದ್ದರೂ ಅದು ತತ್ತಿಯಲ್ಲಿ, ಮಾಂಸದಲ್ಲಿ. ಮಣ್ಣಲ್ಲಿ ಮೊಳೆತದ್ದು ಶುದ್ಧ ಎಂಬುದು ನಮಗೆ ತಾಯಿಯ ಹಾಲಿನ ಜೊತೆಗೇ ಇಳಿದು ಬಂದಿದೆ. ದತ್ತೂರಿ ಗೊತ್ತಿಲ್ಲವೇ, ಎಕ್ಕ ಗೊತ್ತಿಲ್ಲವೇ ಅಂದರೆ, ಗೊತ್ತು. ಆದರೆ ತವರಿನಿಂದ ಬಂದು ಅರಿಶಿನ ಕುಂಕುಮ ಹಚ್ಚಿಸಿಕೊಂಡ ಗಿಡ ಆ ಸಾಲಿಗೆ ಸೇರಿದ್ದಿರಬಹುದೆಂದು ಯಾರಿಗೆ ಹೊಳೆಯಬೇಕು?

ಸ್ಪರ್ಧೆ ಸೋಮವಾರ ಇತ್ತು. ಶನಿವಾರ ಬೆಳಗಿನ ಶಾಲೆ. ಮಗಳು ನನಗಿಂತ ಮೊದಲು ಮನೆಗೆ ಬಂದಿದ್ದಳು. ನಾನು ಬರುವ ಹೊತ್ತಿಗೆ ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ಮುಖ ಸುಣ್ಣದಂತಾಗಿತ್ತು, ಫ್ರಾಕಿನ ಮುಂಭಾಗವೆಲ್ಲ ವಾಂತಿ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಮತ್ತೊಮ್ಮೆ ವಾಂತಿ ಮಾಡಿಕೊಂಡಳು. ನನ್ನ ತಲೆಗೆ ಮೊದಲು ಬಂದದ್ದು ಏನು ಗೊತ್ತೇ? ಬಚ್ಚಲ ಮನೆಯ ಮಗ್ಗುಲಲ್ಲಿದ್ದ ಆ ಆಮೆ. ಹೊರಗಿಟ್ಟರೂ ಬಿಡಲಿಲ್ಲವಲ್ಲ ಅಂದುಕೊಂಡೆ.

ಓಣಿಯ ತುದಿಯ ಕ್ಲಿನಿಕ್ಕಿಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ "ಏನ್ ತಿಂದಾಳ್ರಿ?" ಎಂದು ಕೇಳಿದರು.

"ಉಂಡಿ ಮಾಡಿ ಕೊಟ್ಟಿದ್ದೆ ರೀ. ಈಚಲ ಹಣ್ಣಿಂದು" ಅಂದರು ಅತ್ತೆ.

ಅವರು ಸುಳ್ಳು ಹೇಳಲಿಲ್ಲ, ಅದು ನನಗೆ ಗೊತ್ತು. ಮನೆಯಲ್ಲಿ ಪೇರೀತ ಅನ್ನುವವರು ಡಾಕ್ಟರ ಮುಂದೆ ಕನ್ನಡದಲ್ಲಿ ಹೇಳಬೇಕಾಯಿತು. ಪೇರೀತಕ್ಕೆ ಕನ್ನಡದ ಮಾತು ಅವರಲ್ಲಿ ಇರಲಿಲ್ಲ, ಈತಕ್ಕೆ ಇತ್ತು. ಆ ಹೊತ್ತಿಗೆ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲ ಕಡೆ ಈಚಲ ಹಣ್ಣು ಮಾರುತ್ತಿದ್ದರು. ನಾನೂ ನಂಬಿದೆ, ಡಾಕ್ಟರೂ ನಂಬಿದರು. "ಹಣ್ಣು ಜಾಸ್ತಿ ಆಗ್ಯಾವ, ಅಜೀರ್ಣ. ಗಾಬರಿ ಬ್ಯಾಡ" ಎಂದು ಗುಳಿಗೆ, ನೀರಿಗೆ ಹಾಕಿ ಕುಡಿಸುವ ಪುಡಿ ಕೊಟ್ಟು ಕಳಿಸಿದರು. ಈಚಲ ಹಣ್ಣು ಅಂದರೆ ಯಾರಾದರೂ ಅಷ್ಟೇ ಹೇಳುತ್ತಿದ್ದರು.

ಮನೆಗೆ ಬಂದು ಮಗಳನ್ನು ಮಲಗಿಸಿ, ವಾಂತಿಯ ಫ್ರಾಕು ತೊಳೆಯೋಣವೆಂದು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಪಕ್ಕ ಹಳದಿ ಸಿಪ್ಪೆ ಬಿದ್ದಿತ್ತು. ದಪ್ಪ ಸಿಪ್ಪೆ. ಅದರ ಪಕ್ಕ ಒಡೆದ ಗಟ್ಟಿ ಚಿಪ್ಪುಗಳು. ಈಚಲ ಹಣ್ಣಿಗೆ ಇಂಥ ಚಿಪ್ಪು ಎಲ್ಲಿಂದ ಬರಬೇಕು? ತಲೆ ಎತ್ತಿ ನೋಡಿದೆ. ಗಿಡದ ಒಂದು ಬದಿಯ ಕಾಯಿಗಳೆಲ್ಲ ಖಾಲಿಯಾಗಿದ್ದವು.

ಅಲ್ಲೇ ನಿಂತು ಮೊಬೈಲ್ ತೆಗೆದೆ. ಮೊನ್ನೆ ಓದಿ ನಿಲ್ಲಿಸಿದ ಸಾಲಿನ ಕೆಳಗೆ, ನಾಲ್ಕು ಬೆರಳಷ್ಟು ಸರಿಸಿದರೆ ಸಿಗುವಷ್ಟು ಹತ್ತಿರ, ಇತ್ತು. ಬೀಜ ವಿಷ. ಮೊದಲು ವಾಂತಿ, ಆಮೇಲೆ ಮೇಲುನೋಟಕ್ಕೆ ಆರಾಮ, ಆಮೇಲೆ ಲಿವರ್. ಬೀಜ ಅಗಿದ ನಾಯಿಗಳು ಸತ್ತದ್ದರ ಬಗ್ಗೆ ಬರೆದಿದ್ದರು. ಗುಡ್ಡದ ಜನ ಅದನ್ನು ತಿನ್ನುವುದುಂಟು, ಆದರೆ ಕತ್ತರಿಸಿ, ದಿನಗಟ್ಟಲೆ ನೆನೆಸಿ, ನೀರು ಚೆಲ್ಲಿ ಮತ್ತೆ ಹೊಸ ನೀರು ಹಾಕಿ, ವಿಷವೆಲ್ಲ ಇಳಿದ ಮೇಲೆ. ಓದಿದ ಅಕ್ಷರಗಳೇ ಮತ್ತೆ ಮತ್ತೆ ಕಣ್ಣಿಗೆ ಬಂದವು, ಮುಂದಿನ ಸಾಲಿಗೆ ಹೋಗಲು ಆಗಲಿಲ್ಲ.

ಒಳಗೆ ಓಡಿ ಬಂದು ಕೇಳಿದೆ: "ಅತ್ತಿ, ಯಾವ ಹಣ್ಣಿಂದು ಉಂಡಿ ಮಾಡಿದ್ರಿ? ಹಿತ್ತಲ ಗಿಡದ್ದಾ?"

"ಹೂಂ ಮತ್ತ. ಕೂಸು ಕೇಳಿತ್ತಲ್ಲ. ರಾತ್ರಿ ನೆನೆ ಹಾಕಿದ್ದೆ, ಮುಂಜಾನೆ ಕುದಿಸ್ದೆ."

"ಎಷ್ಟು ಸಲ ನೀರು ಬದಲಿಸ್ಬೇಕು ಅದಕ್ಕ? ಎಷ್ಟು ದಿನ?"

ಅವರಿಗೆ ಗೊತ್ತಿರಲಿಲ್ಲ. ಅವರ ಅಜ್ಜಿ ಮಾಡುವಾಗ ಇವರು ಅಂಗಳದಲ್ಲಿ ಆಡುತ್ತಿದ್ದ ಹುಡುಗಿ. ನೆನೆ ಹಾಕಿದ್ದು ನೆನಪಿತ್ತು, ಕುದಿಸಿದ್ದು ನೆನಪಿತ್ತು, ಬೆಲ್ಲದ ರುಚಿ ನೆನಪಿತ್ತು. ದಿನಾ ನೀರು ಚೆಲ್ಲುವುದನ್ನು ಯಾವ ಮಗು ನೋಡುತ್ತ ಕೂರುತ್ತದೆ?

ಆದರೆ ಇದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಅಂಜಿಕೆ ಯಾವಾಗಲೂ ನಾಲಿಗೆಯಿಂದಲೇ ಹೊರಗೆ ಬರುವುದು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅತ್ತೆಗೆ ಏಕವಚನ ಹಚ್ಚಿದೆ. "ನಿನ್ನ ತವರಿನ ವಿಷ ತಂದು ನನ್ನ ಮಗಳ ಬಾಯಾಗ ಇಟ್ಟೆಲ್ಲ! ಆಕಿಗೇನರ ಆದ್ರ ಈ ಮನ್ಯಾಗ ನೀ ಇರ್ಬೇಕು, ಇಲ್ಲಾ ನಾ ಇರ್ಬೇಕು!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ. ಅತ್ತೆ ಗೋಡೆ ಹಿಡಿದು ನೆಲಕ್ಕೆ ಕೂತರು. "ಅಯ್ಯೋ ದೇವುಡಾ" ಎಂದು ಒಂದೇ ಒಂದು ಸಲ ಅಂದರು.

ಪಕ್ಕದ ಮನೆಯವರು ಕಾರು ತೆಗೆದರು. ಮಗಳನ್ನು ಮಡಿಲಿಗೆ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು, ಕಾರಿನ ಹತ್ತಿರ ಬರಲಿಲ್ಲ. ನಾನು ಬರ್ರಿ ಅನ್ನಲೂ ಇಲ್ಲ. ದಾರಿಯುದ್ದಕ್ಕೂ ಮಗಳಿಗೆ ಕಣ್ಣು ಎಳೆಯುತ್ತಿತ್ತು. ಅವಳು ಕಣ್ಣು ಮುಚ್ಚಿದಾಗಲೆಲ್ಲ ಗಲ್ಲ ತಟ್ಟಿ ಎಬ್ಬಿಸುತ್ತಿದ್ದೆ. "ಬಿಡಮ್ಮ, ನಿದ್ದಿ ಬರಾಕತ್ತೈತಿ" ಎಂದು ಅಳುತ್ತಿದ್ದಳು. ಅತ್ತರೆ ಸಮಾಧಾನ, ಅಳಲು ಶಕ್ತಿ ಇದೆಯಲ್ಲ ಅಂತ.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು, ವಯಸ್ಸು ಕಡಿಮೆ, ಮಾತು ಮೆದು. ನಾನು ಗಿಡದ ಹೆಸರು ಹೇಳಿದೆ, ಸೆರಗಿನಲ್ಲಿ ಕಟ್ಟಿ ತಂದಿದ್ದ ಚಿಪ್ಪು ಕೊಟ್ಟೆ. ಅವರು ಯಾರಿಗೋ ಫೋನ್ ಹಚ್ಚಿ ಬಹಳ ಹೊತ್ತು ಕೇಳಿಸಿಕೊಂಡರು. ಇಟ್ಟ ಮೇಲೆ ನನ್ನನ್ನು ಕೂರಿಸಿದರು. ಡಾಕ್ಟರು ನಮ್ಮನ್ನು ಕೂರಿಸಿ ಮಾತಾಡುತ್ತಾರೆ ಅಂದರೆ ಒಳ್ಳೆಯದಲ್ಲ ಎಂದು ನನಗೆ ಗೊತ್ತು.

"ಇದಕ್ಕೆ ಅಂತಾನೇ ಒಂದು ಔಷಧಿ ಇಲ್ಲಮ್ಮ. ಡ್ರಿಪ್ ಹಾಕ್ತೀವಿ, ರಕ್ತ ನೋಡ್ತಾ ಇರ್ತೀವಿ. ಲಿವರ್ ತಡ್ಕೊಂಡ್ರೆ ಆಯ್ತು. ಎರಡು ಮೂರು ದಿನ ಹುಷಾರಾಗಿರಬೇಕು. ನೀವು ಒಂದು ಕೆಲಸ ಮಾಡಿ. ಹಗಲು ಹೊತ್ತು ಅವಳನ್ನ ಆಗಾಗ ಮಾತಾಡಿಸಿ. ಮಾತು ತೊದಲಿದ್ರೆ, ಒಂದಕ್ಕೊಂದು ಕಲಸಿ ಹೇಳಿದ್ರೆ, ಕೂಡಲೇ ನಮ್ಮನ್ನ ಕರೀರಿ."

ಸಿರುಗುಪ್ಪದಿಂದ ಗಂಡ ನೇರ ಅಲ್ಲಿಗೇ ಬಂದರು, ಮೈಮೇಲೆಲ್ಲ ಭತ್ತದ ತೌಡಿನ ಧೂಳು. ಸಂಗತಿ ಕೇಳಿ ಮಗಳ ಪಾದ ಹಿಡಿದುಕೊಂಡು ಮಂಚದ ತುದಿಗೆ ಕೂತರು. ನನ್ನ ಅಂಜಿಕೆಗೆ ನಗುತ್ತಿದ್ದ ಮನುಷ್ಯ ಅಂಜಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಏನು ಮಾತಾಡಿಸುವುದು? ಹೆಸರು ಕೇಳಿದೆ, ಊರು ಕೇಳಿದೆ, ಮಗ್ಗಿ ಕೇಳಿದೆ. ಆಮೇಲೆ ಭಾಷಣ ಹೇಳಿಸಲು ಶುರು ಮಾಡಿದೆ. ಅದರ ಒಂದೊಂದು ಶಬ್ದವೂ ನನಗೆ ಗೊತ್ತಿತ್ತು. ಒಂದು ಅಕ್ಷರ ಆಚೀಚೆ ಆದರೂ ತಿಳಿಯುತ್ತದೆ. ಭಾನುವಾರ ಇಡೀ ಹಗಲು ಆ ವಾರ್ಡಿನಲ್ಲಿ ಕಡಲಾಮೆ ಮತ್ತೆ ಮತ್ತೆ ದಂಡೆಗೆ ಬಂತು, ಗಿಡ ಗುಡ್ಡದ ಮೇಲೆ ನಿಂತಿತು. ಪಕ್ಕದ ಮಂಚದ, ಮೋಕಾ ಊರಿನ ಹೆಂಗಸಿಗೂ ಬಾಯಿಪಾಠ ಆಗಿಹೋಯಿತು. ಆಮೆಯ ಮರಿಗಳಲ್ಲಿ ದೊಡ್ಡವಾಗುವುದು ಯಾವುದೋ ಕೆಲವು ಮಾತ್ರ ಎಂಬ ಸಾಲು ಬಂದಾಗ ನಾನು ಅದನ್ನು ಹಾರಿಸಿ ಮುಂದಿನದು ಹೇಳು ಅನ್ನುತ್ತಿದ್ದೆ. ಮನೆಯಲ್ಲಿ ಆ ಸಾಲನ್ನು ಜೋರಾಗಿ ಹೇಳು ಅಂದವಳೂ ನಾನೇ.

ಮಧ್ಯಾಹ್ನದ ರಕ್ತದ ವರದಿ ಬಂತು. ಡಾಕ್ಟರಮ್ಮ ಅದನ್ನು ನೋಡಿ "ಸ್ವಲ್ಪ ಏರಿದೆ" ಅಂದರು. ಕಿಟಕಿಯಲ್ಲಿ ಬಳ್ಳಾರಿಯ ಬೆಟ್ಟ ಕಾಣುತ್ತಿತ್ತು, ಬಿಸಿಲಿಗೆ ಕಾದ ಬೋಳು ಕಲ್ಲು. ಅದನ್ನೇ ನೋಡುತ್ತ, ಊರಲ್ಲಿರುವ ದೇವರಿಗೆಲ್ಲ ಹರಕೆ ಹೊತ್ತೆ. ಆಮೇಲೆ ಮಗಳ ಕಡೆ ತಿರುಗಿ "ಮತ್ತೊಮ್ಮೆ ಹೇಳವ್ವ, ನಮ್ಮ ಬಂಗಾರ" ಅಂದೆ.

ಮಗಳು ಛಾವಣಿ ನೋಡುತ್ತ ನಿಧಾನ ಶುರು ಮಾಡಿದಳು. "ಗಿಡ ಎಷ್ಟೋ ದೂರ ಈಜಿ... ತಾನು ಹುಟ್ಟಿದ ದಂಡೆಗೆ ಬರುತ್ತದೆ. ಆಮೆಯ ಗರಿಗಳ ನಡುವೆ... ಹಳದಿ ಕಾಯಿಗಳು..."

ನನಗೆ ಮುಂದಿನದು ಕೇಳಲಿಲ್ಲ. "ಸಿಸ್ಟರ್! ಸಿಸ್ಟರ್!" ಎಂದು ಕೂಗುತ್ತ ಬರಿಗಾಲಲ್ಲಿ ಓಡಿದೆ. ಯಾರದೋ ಊಟದ ಡಬ್ಬಿ ಕಾಲಿಗೆ ತಾಗಿ ಉರುಳಿತು. ನರ್ಸು ಓಡಿ ಬಂದರು, ಡಾಕ್ಟರಮ್ಮನೂ ಬಂದರು. ಕಣ್ಣಿಗೆ ಟಾರ್ಚ್ ಹಾಕಿದರು, ಕೈ ಮುಂದೆ ಚಾಚು ಅಂದರು, ಇವರು ಯಾರು, ಇದು ಯಾವ ಊರು ಎಂದು ಕೇಳಿದರು. ಮಗಳು ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು. "ಮತ್ಯಾಕೆ ಹಾಗೆ ಹೇಳಿದೆ ಪುಟ್ಟ?" ಅಂದರು ಡಾಕ್ಟರಮ್ಮ.

"ಎಷ್ಟ್ ಸಲ ಅದನ್ನೇ ಹೇಳ್ಲಿ? ಬ್ಯಾಸರ ಆತು. ಅದಕ್ಕ ತಿರುವಿ ಹೇಳ್ದೆ. ಅಮ್ಮ ಕಂಡುಹಿಡೀತಾಳೋ ಇಲ್ಲೋ ಅಂತ."

ಸುತ್ತಲಿದ್ದವರೆಲ್ಲ ನಕ್ಕರು. ಹೊಡೆಯಲೆಂದು ಕೈ ಎತ್ತಿದೆ. ಹೊಡೆಯಲಿಲ್ಲ, ಅಲ್ಲೇ ಮಂಚದ ಕಬ್ಬಿಣಕ್ಕೆ ತಲೆ ಆನಿಸಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮೋಕಾದ ಹೆಂಗಸು ಬಂದು ನನ್ನ ಬೆನ್ನು ಸವರಿದಳು.

ಸಂಜೆಗೆ ಕುರುಗೋಡಿನ ಪಕ್ಕದ ಮನೆಯಾಕೆಯ ಫೋನು ಬಂತು. "ನಿಮ್ಮತ್ತಿಗೂ ನಿನ್ನಿಯಿಂದ ವಾಂತಿ ಆಗಾಕತ್ತೈತಿ. ಯಾರಿಗೂ ಹೇಳಬ್ಯಾಡ ಅಂದ್ರು. ನನಗ ತಡೀಲಿಲ್ಲ" ಅಂದಳು. ಮಗಳು ತಿಂದು ಉಳಿಸಿದ ಅರ್ಧ ಉಂಡೆ ತಾವು ತಿಂದಿದ್ದರಂತೆ. ಗಂಡ ಬೈಕ್ ತೆಗೆದುಕೊಂಡು ಹೋದರು, ಒಬ್ಬರೇ ತಿರುಗಿ ಬಂದರು. "ಬರಂಗಿಲ್ಲಂತ. ವಾಂತಿ ನಿಂತೈತಿ, ನೀರು ಕುಡ್ಯಾಕತ್ತಾಳ. ಕೂಸು ಎದ್ದ ಸುದ್ದಿ ಬರೂತನಾ ಹೊಸ್ತಿಲ ದಾಟಂಗಿಲ್ಲ ಅಂತಾಳ" ಅಂದರು. ಕ್ಲಿನಿಕ್ಕಿನ ಡಾಕ್ಟರು ಮನೆಗೇ ಬಂದು ಸೂಜಿ ಹಾಕಿ ಹೋಗಿದ್ದರಂತೆ. ನಾನು ಹೂಂ ಅಂದೆ. ನನ್ನೊಳಗೆ ಆಗ ಮಗಳನ್ನು ಬಿಟ್ಟು ಬೇರೆ ಯಾರಿಗೂ ಜಾಗವಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಸೋಮವಾರ ಸ್ಪರ್ಧೆ ಅದೇ ಊರಲ್ಲಿ, ಆಟೋದಲ್ಲಿ ಹೋದರೆ ಹತ್ತಿರವೇ ಇದ್ದ ಒಂದು ಸಭಾಭವನದಲ್ಲಿ ನಡೆಯಿತು. ನಮಗೆ ಅದರ ನೆನಪೂ ಆಗಲಿಲ್ಲ. ಆ ದಿನ ಬಂದ ವರದಿಯಲ್ಲಿ ಏರಿದ್ದು ಅಲ್ಲೇ ನಿಂತಿತ್ತು. ಮರುದಿನ ಇಳಿಯಿತು. ಅದರ ಮರುದಿನ ಮಗಳು ಮಂಡಕ್ಕಿ ಒಗ್ಗರಣೆ ಬೇಕು, ಮಿರ್ಚಿ ಬೇಕು ಎಂದು ರಂಪ ಮಾಡಿದಳು. "ಇನ್ನು ಕರ್ಕೊಂಡು ಹೋಗಿ. ವಾರ ಬಿಟ್ಟು ಮತ್ತೊಮ್ಮೆ ರಕ್ತ ನೋಡೋಣ. ಮಿರ್ಚಿ ಬೇಡ" ಅಂದರು ಡಾಕ್ಟರಮ್ಮ. ನಾನು ಅವರ ಕೈ ಹಿಡಿದುಕೊಂಡು ಏನೇನೋ ಹೇಳಿದೆ, ಏನು ಹೇಳಿದೆನೋ ನೆನಪಿಲ್ಲ.

ಮನೆಗೆ ಬಂದಾಗ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದರು. ನಾಲ್ಕೈದು ದಿನದಲ್ಲಿ ಅರ್ಧ ಆಗಿಹೋಗಿದ್ದರು, ಬಳೆ ಮೊಳಕೈವರೆಗೆ ಜಾರುತ್ತಿದ್ದವು. ಮೊಮ್ಮಗಳಿಗೆ ದೃಷ್ಟಿ ತೆಗೆದರು. ಎತ್ತಿಕೊಳ್ಳಲಿಲ್ಲ. ಮಗಳು ಕೈಕಾಲು ತೊಳೆಯಲು ಹಿತ್ತಲಿಗೆ ಓಡಿದವಳು ಅಲ್ಲಿಂದಲೇ ಕಿರುಚಿದಳು. ಹೋಗಿ ನೋಡಿದರೆ ಗಿಡ ಇರಲಿಲ್ಲ. ನೆಲಮಟ್ಟಕ್ಕೆ ಕಡಿದಿದ್ದರು. ಬುಡದಲ್ಲಿ ಬೆಳ್ಳಗಿನ ತಿರುಳು ಕಾಣುತ್ತಿತ್ತು, ಗರಿಗಳು ಗೋಡೆಯ ಪಕ್ಕ ರಾಶಿ ಬಿದ್ದಿದ್ದವು. ಸಿಪ್ಪೆ, ಕಾಯಿ ಎಲ್ಲವನ್ನೂ ಗುಂಡಿ ತೋಡಿ ಹೂತು ಮೇಲೆ ಕಲ್ಲು ಇಟ್ಟಿದ್ದರು. ವಾಂತಿ ನಿಂತ ದಿನವೇ ಕೊಡಲಿ ಹಿಡಿದು, ಕೂತು ಎದ್ದು, ಯಾರನ್ನೂ ಮುಟ್ಟಗೊಡದೆ ತಾವೇ ಕಡಿದರು ಎಂದು ಪಕ್ಕದ ಮನೆಯಾಕೆ ಆಮೇಲೆ ಹೇಳಿದಳು.

"ಅಜ್ಜಿ, ಯಾಕ ಕಡಿದಿ? ಅದು ಅಳಿದು ಹೋಗೋ ಗಿಡ! ಅಂಥಾದ್ದು ಎಲ್ಲೂ ಇಲ್ಲ!" ಮಗಳು ನೆಲಕ್ಕೆ ಕಾಲು ಬಡಿದು ಅಳುತ್ತಿದ್ದಳು.

"ಹೋಗ್ಲಿ ಬಿಡವ್ವ" ಅಂದರು ಅತ್ತೆ, ಬಾಗಿಲ ಚೌಕಟ್ಟು ಹಿಡಿದುಕೊಂಡು. "ನೀ ಬಂದಿಯಲ್ಲ."

ನನಗೆ ಆ ಬುಡ ನೋಡಿ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅತ್ತೆಗೆ ತವರಲ್ಲಿ ಈಗ ಯಾರೂ ಇಲ್ಲ, ಇದ್ದದ್ದು ಅದೊಂದು.

ಮಧ್ಯಾಹ್ನ ಊಟಕ್ಕೆ ಕೂತೆವು. ಅಡುಗೆ ನಾನೇ ಮಾಡಿದ್ದೆ: ಮೆತ್ತಗಿನ ಅನ್ನ, ಮೊಸರು. ಅತ್ತೆ ದೂರ ಗೋಡೆಗೆ ಒರಗಿ ಕೂತಿದ್ದರು, ಪಾತ್ರೆ ಪಡಗ ಯಾವುದನ್ನೂ ಮುಟ್ಟಿರಲಿಲ್ಲ. ಕುಡಿಯುವ ನೀರನ್ನೂ ನನ್ನನ್ನು ಕೇಳಿ ಹಾಕಿಸಿಕೊಂಡಿದ್ದರು. ಮಗಳು ಅಷ್ಟು ಹೊತ್ತಿಗೆ ಗಿಡದ ಸಿಟ್ಟು ಮರೆತಿದ್ದಳು. ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅಜ್ಜಿಯ ಮುಂದೆ ಇಟ್ಟು, ಚಕ್ಕಳಮಕ್ಕಳ ಹಾಕಿ ಕೂತು, ಬಾಯಿ ತೆರೆದಳು.

ಅತ್ತೆ ತಟ್ಟೆ ನೋಡಿದರು. ಕೈ ತೊಳೆದುಕೊಂಡರು. ಅನ್ನ ಕಲಸಿ ಒಂದು ಸಣ್ಣ ತುತ್ತು ಮಾಡಿ ಎತ್ತಿದರು. ಕೈ ಅರ್ಧಕ್ಕೆ ನಿಂತಿತು. ಮಗಳ ತೆರೆದ ಬಾಯಿ ಬಿಟ್ಟು ನನ್ನ ಕಡೆ ನೋಡಿದರು.

"ಉಣಸ್ಲೇನ್ರಿ?" ಅಂದರು.

ಯಾವ ಊರಿನಲ್ಲಿ ಅತ್ತೆ ಸೊಸೆಗೆ 'ರಿ' ಹಚ್ಚುತ್ತಾಳೆ? ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ಕುಹಕವಾಡಿದ್ದಲ್ಲ, ಸಿಟ್ಟಿನಿಂದ ಅಂದದ್ದೂ ಅಲ್ಲ. ಅವರು ನನಗೆ ಅಂಜಿದ್ದರು.

"ಉಣಸ್ರಿ ಅತ್ತಿ" ಅಂದೆ. ಬೇಗ ಹೇಳಬೇಕೆಂದುಕೊಂಡೆ, ಆದರೂ ತಡವಾಯಿತು. ತುತ್ತು ಮಗಳ ಬಾಯಿಗೆ ಹೋಯಿತು. ಅವಳು ಅಗಿದು ನುಂಗುವ ತನಕ ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಅತ್ತೆ ನನ್ನ ಮುಖ ನೋಡುತ್ತಿದ್ದರು, ಎರಡನೆಯ ತುತ್ತು ಮಾಡಲೋ ಬೇಡವೋ ಎಂದು.